ನಲ್ಲಿಯಲ್ಲಿ ಬಂದ ಹಸಿರು

"ಒಂಬತ್ತನೇ ಕ್ಲಾಸೂ ಮುಗಿಸದವನ ಕೈಗೆ ಇಡೀ ಗಲ್ಲಿಯ ನೀರು ಕೊಟ್ಟು ಕೂತಿದ್ದೀರಲ್ಲ! ಎಲ್ಲಿ ಸೋರುತ್ತೆ ಅಂತ ಇವನಿಗೇನು ಗೊತ್ತಾಗುತ್ತೆ?"

ಹಂಸಾ ಇದನ್ನು ಹಿಂದಿಯಲ್ಲಿ ಹೇಳಿದಳು, ಎಲ್ಲರಿಗೂ ತಿಳಿಯಲಿ ಅಂತಲೇ. ಸದರ್ನ್ ಅವೆನ್ಯೂ ಹಿಂದಿನ ಆ ಗಲ್ಲಿಯಲ್ಲಿ ಚಹಾದಂಗಡಿಯವನಿಂದ ಹಿಡಿದು ಬಾಲ್ಕನಿಯ ಹೆಂಗಸರವರೆಗೆ ಎಲ್ಲರೂ ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು. ತೆರೆದ ಮ್ಯಾನ್‌ಹೋಲ್ ಪಕ್ಕ ಕೇಬಲ್ ಹಿಡಿದು ನಿಂತಿದ್ದ ವೀರಭದ್ರನ ಮೈ ಉರಿದುಹೋಯಿತು. ಶಾಲೆ ಬಿಟ್ಟ ಸಂಗತಿಯನ್ನು ಕೋಲ್ಕತ್ತದಲ್ಲಿ ಅವನು ಒಬ್ಬಳಿಗೆ ಮಾತ್ರ ಹೇಳಿದ್ದ. ಲೇಕಿನ ಬೆಂಚಿನ ಮೇಲೆ ಕೂತು, ದನಿ ತಗ್ಗಿಸಿ, ಇವಳಿಗೇ.

ಅವನು ಹುಬ್ಬಳ್ಳಿಯವನು. ಬ್ರಿಟಿಷರ ಕಾಲದ ಇಟ್ಟಿಗೆ ಚರಂಡಿಯೊಳಗೆ ಗಾಲಿಯ ಮೇಲೋಡುವ ಕ್ಯಾಮೆರಾ ಇಳಿಸಿ ಬಿರುಕು ಹುಡುಕುವುದು ಅವನ ಕೆಲಸ. ಬಿರುಕು ಕಂಡ ಕಡೆ ಅವನ ಕಂಪನಿ ಹೊಸ ಪೈಪ್ ಹಾಕುತ್ತಿತ್ತು. ಹಂಸಾ ಮೈಸೂರಿನ ಹುಡುಗಿ. ಯೂನಿವರ್ಸಿಟಿ ಲ್ಯಾಬಿನಲ್ಲಿ ನೀರಿನ ರೋಗಾಣುಗಳ ಮೇಲೆ ರಿಸರ್ಚ್ ಮಾಡುತ್ತಿದ್ದಳು. ಕ್ಯಾಮೆರಾ ಹೊಲಸಿನಲ್ಲಿ ಸಿಕ್ಕಿಕೊಂಡ ದಿನ ಅವನು ಬಾಯಿಗೆ ಬಂದಂತೆ ಬೈದದ್ದು ಕೇಳಿ, ಕಿಟಕಿಯಿಂದ ಬಗ್ಗಿ, "ಇನ್ನೊಂದ್ಸಲ ಬೈರಿ, ಕನ್ನಡ ಕೇಳಿ ಎಷ್ಟ್ ದಿನ ಆಯ್ತು" ಅಂದಿದ್ದಳು. ಅಂದಿನಿಂದ ಆ ಕಿಟಕಿಯ ಕಡೆ ನೋಡದೆ ಅವನು ಮ್ಯಾನ್‌ಹೋಲಿನ ಮುಚ್ಚಳ ತೆಗೆದವನಲ್ಲ.

ಇವತ್ತು ಬೆಳಿಗ್ಗೆ ಅವಳ ಮನೆಯೊಡತಿ ಕಾಕಿಮಾ ಕಾಮಾಲೆಯಾಗಿ ಆಸ್ಪತ್ರೆ ಸೇರಿದ್ದರು. ಗಲ್ಲಿಯಲ್ಲಿ ಅದಾಗಲೇ ಸುಮಾರು ಜನ ಅದೇ ಕಾಯಿಲೆಯಿಂದ ಮಲಗಿದ್ದರು.

ಸಂಜೆ ಅವಳೇ ಲೇಕಿನ ಹತ್ತಿರ ಹುಡುಕಿಕೊಂಡು ಬಂದಳು.

"ತಪ್ಪಾಯ್ತು."

"ಯಾವುದು? ಅಂದದ್ದೋ, ಎಲ್ಲಾರ ಮುಂದ ಅಂದದ್ದೋ?"

"ಎರಡೂ. ಕಾಕಿಮಾ ಕಣ್ಣು ಅರಿಶಿನ ಹಚ್ಚಿದ ಹಾಗೆ ಆಗಿತ್ತು ಕಣೋ. ತಲೆ ಕೆಟ್ಟೋಯ್ತು ನಂಗೆ."

"ನಿಮ್ಮ ತಲಿ ಕೆಟ್ರ ನಮ್ಮ ಮಾನ ಹರಾಜೇನ್ರಿ, ಮೇಡಂ?"

"ಮೇಡಂ ಅನ್ಬೇಡ ಅಂದಿಲ್ವಾ?" ಅವಳ ಕಣ್ಣಂಚಿನಲ್ಲಿ ನೀರು ತುಂಬಿತ್ತು, ತುಟಿಯಂಚಿನಲ್ಲಿ ನಗು. ಎರಡರಲ್ಲಿ ಯಾವುದನ್ನು ನಂಬುವುದೆಂದು ಅವನಿಗೆ ತಿಳಿಯಲಿಲ್ಲ. ಹಾಳಾದ್ದು, ಎರಡೂ ಚೆಂದ ಕಾಣುತ್ತಿದ್ದವು.

ಸೋರಿಕೆಗೆ ಎರಡೇ ಜಾಗವಿತ್ತು. ಮನೆ ಮುಂದೆ ಅವನ ಕಂಪನಿ ಹಾಕಿದ ಹೊಸ ಚರಂಡಿ ಪೈಪ್. ಮನೆ ಹಿಂದೆ ಹಳೆಯ ಇಟ್ಟಿಗೆ ಚರಂಡಿ. ಆ ಚರಂಡಿ ಗಟ್ಟಿಯಿದೆ, ಬದಲಿಸುವುದು ಬೇಡ ಅಂತ ಕಂಪನಿಯ ಇಂಜಿನಿಯರ್ ರಾಜಗೋಪಾಲ ಬಿಟ್ಟುಬಿಟ್ಟಿದ್ದ. ಎರಡರಲ್ಲಿ ಒಂದರ ಹೊಲಸು ಕುಡಿಯುವ ನೀರಿನ ಪೈಪಿಗೆ ಸೇರುತ್ತಿತ್ತು. ಸೋಮವಾರ ಗುಂಡಿಗಳನ್ನೆಲ್ಲ ಮುಚ್ಚಬೇಕು. ಆಮೇಲೆ ದುರ್ಗಾಪೂಜೆ ಮುಗಿಯುವವರೆಗೆ ಯಾರೂ ಅಗೆಯುವಂತಿಲ್ಲ.

"ಭಾನುವಾರ ಬೆಳಿಗ್ಗೆ ಬಣ್ಣ ಬಿಟ್ಟು ನೋಡೋಣ," ಅಂದಳು ಹಂಸಾ. "ಲ್ಯಾಬಿನ ಹಸಿರು ಬಣ್ಣ, ಕುಡಿದರೂ ಏನೂ ಆಗಲ್ಲ. ಮೊದಲು ಹೊಸ ಪೈಪಿಗೆ. ಬೀದಿ ನಲ್ಲೀಲಿ ಹಸಿರು ಬಂದ್ರೆ ತಪ್ಪು ನಿಮ್ಮದು. ಬರದೇ ಇದ್ರೆ ಹಿಂದಿನ ಚರಂಡಿಗೆ. ಅದರಲ್ಲಿ ಬಂತೋ, ಅದನ್ನ ಬದಲಾಯಿಸಲೇಬೇಕು. ಇಬ್ಬರೂ ಒಟ್ಟಿಗೆ ಸುರಿಯೋಣ, ನಿಮ್ಮ ಇಂಜಿನಿಯರ್‌ಗೂ ಹೇಳಿದ್ದೀನಿ."

"ಅಲ್ಲೀತನಕಾ ಯಾರೂ ಏನೂ ಸುರಿಯೂದಿಲ್ಲ?"

"ಯಾರೂ ಇಲ್ಲ." ಅವಳು ಬಣ್ಣದ ಪುಡಿಯ ಪೊಟ್ಟಣವೊಂದನ್ನು ಅವನ ಅಂಗಿಯ ಜೇಬಿಗೆ ಇಳಿಸಿದಳು. ಬೆರಳು ಎದೆಗೆ ತಾಗಿತು, ತುಸು ಹೊತ್ತು ಅಲ್ಲೇ ನಿಂತಿತು. ಆಮೇಲೆ, ಮೆತ್ತಗೆ: "ಹಿಂದಿನ ಚರಂಡಿ ವಿಡಿಯೋ ನಿನ್ನ ಹತ್ರ ಇದೆಯಲ್ಲ? ನಂಗೊಂದು ಕಳಿಸ್ತೀಯಾ?"

ಅಷ್ಟೇ ಸಾಕಾಯಿತು ಅವನ ಮನಸ್ಸು ಕೆಡಲು. ಓಹೋ, ಇದಕ್ಕಾಗಿಯೋ ಈ ಬೆರಳು, ಈ ಕಣ್ಣೀರು?

ಶನಿವಾರವೆಲ್ಲ ಅದೇ ಕೊರೆಯಿತು. ಹೊಸ ಪೈಪಿನ ಒಳಗೆಲ್ಲ ಕ್ಯಾಮೆರಾ ಓಡಿಸಿ, ಸರಿಯಿದೆ ಅಂದವನು ಅವನೇ. ಅಕಸ್ಮಾತ್ ಅದೇ ಸೋರುತ್ತಿದ್ದರೆ? ಮತ್ತೆ ಅದೇ ಗಲ್ಲಿ, ಅದೇ ಬಾಲ್ಕನಿಗಳು, ಅದೇ ಕಿಸಕ್. ಇನ್ನೊಂದು ಸಲ ಅವಳ ಕೈಯಲ್ಲಿ ಮರ್ಯಾದೆ ಕಳೆದುಕೊಳ್ಳಲು ಅವನೇನು ಬಿಟ್ಟಿ ಬಿದ್ದಿದ್ದನೇ? ಮುಸ್ಸಂಜೆಯಲ್ಲಿ ಒಬ್ಬನೇ ಮುಚ್ಚಳ ಸರಿಸಿ ಪೊಟ್ಟಣವನ್ನು ಹೊಸ ಪೈಪಿಗೆ ಸುರಿದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ನಲ್ಲಿ ನೋಡಿಕೊಂಡರಾಯಿತು ಅಂದುಕೊಂಡ.

ಬಂದು ನೋಡಿದರೆ ಹಂಸಾ ಆಗಲೇ ನಲ್ಲಿಯ ಮುಂದೆ ನಿಂತಿದ್ದಳು.

ನಲ್ಲಿ ಕೆಮ್ಮಿತು, ಗಾಳಿ ಬಿಟ್ಟಿತು, ಆಮೇಲೆ ನೀರು. ಎಳೆ ಹಸಿರು, ಬೆಳಕಿಗೆ ಮಿಂಚುವ ಹಸಿರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ನೀನು ಸುರಿದ್ಯಾ?"

"ನಿನ್ನೆ ಸಂಜಿ. ಹೊಸ ಪೈಪಿಗೆ."

ಹಂಸಾ ನಲ್ಲಿಕಟ್ಟೆಯ ಮೇಲೆ ಕುಸಿದು ಕೂತಳು. "ಅಯ್ಯೋ... ನಾನೂ ನಿನ್ನೇನೇ ಸುರಿದೆ ಕಣೋ. ಹಿಂದಿನ ಚರಂಡಿಗೆ. ನೀನು ನಿಮ್ಮ ಇಂಜಿನಿಯರ್ ಮಾತು ಕೇಳಿ, ಬಣ್ಣದ ಬದಲು ಬರೀ ನೀರು ಸುರಿದುಬಿಡ್ತೀಯೇನೋ ಅಂತ..."

ಯಾವ ಹಸಿರು ಎಲ್ಲಿಂದ ಬಂತು ಅಂತ ಇನ್ನು ಯಾರೂ ಹೇಳುವಂತಿರಲಿಲ್ಲ.

ಬಕೆಟ್ ಹಿಡಿದು ಬಂದವರು ಕಿರುಚಿದರು. ಗದ್ದಲಕ್ಕೆ ರಾಜಗೋಪಾಲನೂ ಓಡಿ ಬಂದ. ಹಸಿರು ನೀರಿನ ಫೋಟೋ ತೆಗೆದುಕೊಂಡವನ ಮುಖದಲ್ಲಿ ಸಮಾಧಾನ ಎದ್ದು ಕಾಣುತ್ತಿತ್ತು. "ಜನರೇ ನೀರಿಗೆ ಬಣ್ಣ ಹಾಕಿದ್ದಾರೆ ಅಂತ ಬರೀತೀನಿ. ಟೆಸ್ಟ್ ಕ್ಯಾನ್ಸಲ್. ನಾಳೆ ಗುಂಡಿ ಮುಚ್ಚಿ, ಉಳಿದದ್ದು ಪೂಜೆ ಆದಮೇಲೆ ನೋಡೋಣ." ಗಲ್ಲಿಯ ಬಾಯಲ್ಲಿ ಪೆಂಡಾಲಿನ ಬಿದಿರು ಹೊತ್ತ ಲಾರಿ ಅದಾಗಲೇ ಹಾರ್ನ್ ಹೊಡೆಯುತ್ತಿತ್ತು. ಕಾಕಿಮಾ ಆಸ್ಪತ್ರೆಯಿಂದ ಬರುವುದು ಇದೇ ನಲ್ಲಿಯ ನೀರಿಗೆ.

ಜನ ಚದುರಿದ ಮೇಲೆ ಹಂಸಾ ಎದ್ದು ಅವನ ಎದುರು ನಿಂತಳು. ಈ ಸಲ ಅವಳ ಮುಖದಲ್ಲಿ ನಗುವಿರಲಿಲ್ಲ.

"ನಾನು ಸುಳ್ಳು ಹೇಳಲ್ಲ ವೀರು. ನಿನ್ನ ಮೇಲೆ ಅನುಮಾನ ಇತ್ತು. ಪ್ರೀತಿನೂ ಇತ್ತು, ಈಗಲೂ ಇದೆ. ಎರಡೂ ಒಟ್ಟಿಗೇ ಇತ್ತು, ಏನು ಮಾಡ್ಲಿ? ಆ ವಿಡಿಯೋ ಕೇಳಿದ್ದು ಕಾಕಿಮಾಗೋಸ್ಕರ. ನಿನ್ನ ಪಕ್ಕ ಬಂದು ಕೂತಿದ್ದು ನನಗೋಸ್ಕರ." "ನೀನು ಹೇಳು. ಒಂದೇ ಒಂದು ದಿನವಾದ್ರೂ ನನ್ನ ನಂಬಿದ್ಯಾ?"

ತನಗೆ ಬಂದದ್ದು ಸಿಟ್ಟೇ ಅಂದುಕೊಂಡ ವೀರಭದ್ರ. ಆದರೆ ಸಿಟ್ಟು ಬಂದಾಗ ಅವನು ಎಂದೂ ಬೈಯದೆ ಬಿಟ್ಟವನಲ್ಲ.

ಕೇಬಲ್ ಸುರುಳಿಯನ್ನು ಹೆಗಲಿಗೇರಿಸಿಕೊಂಡ. ಲಾರಿಗೂ ಗೋಡೆಗೂ ನಡುವೆ ಮೈ ಹಿಡಿಯುವಷ್ಟೇ ದಾರಿಯಿತ್ತು. ಅದರಲ್ಲಿ ಅಡ್ಡಡ್ಡವಾಗಿ ನುಸುಳಿ, ತಿರುಗಿ ನೋಡದೆ, ದೊಡ್ಡ ರಸ್ತೆಯ ಕಡೆಗೆ ನಡೆದುಬಿಟ್ಟ.