ನಾನು ಹೇಳದ ತಾರೀಕು

ಪೋನಿಮನ್‌ನ ಮಾನ ತೆಗೆಯಬೇಕೆಂದೇ ನಾನು ಮೆಲ್ಬರ್ನ್‌ಗೆ ವಿಮಾನದ ಟಿಕೆಟ್ ಬುಕ್ ಮಾಡಿದೆ. ಅಲ್ಲಿ ನನಗೆ ಬೇರೆ ಯಾವ ಕೆಲಸವೂ ಇರಲಿಲ್ಲ.

"ಜಸ್ಟ್ ಬ್ಲಾಕ್ ಹಿಮ್, ಅಮ್ಮಾ" ಎಂದಳು ಮಗಳು ಪ್ರಾರ್ಥನಾ. ಫೋನಿನಲ್ಲಿ ಬ್ಲಾಕ್ ಮಾಡಿದರೆ ಅವನಿಗೆ ತಿಳಿಯುವುದೂ ಇಲ್ಲ, ಅವನ ಕಡೆಯ ನೂರು ಜನರ ಎದುರು ಕೇಳಿದರೆ ಸಾಯುವವರೆಗೆ ನೆನಪಿರುತ್ತದೆ ಎಂದು ಅವಳಿಗೆ ಹೇಳಿ, ಮೆಣಸಿನಕಾಯಿ ಬಣ್ಣದ ಇಳಕಲ್ ಸೀರೆಗೆ ಇಸ್ತ್ರಿ ಹಾಕಿದೆ. ಜಗಳಕ್ಕೆ ಹೋಗುವ ಹೆಂಗಸು ಚಂದ ಕಾಣಬೇಕು. ನೋಡಿದ ಕೂಡಲೇ ಬಿಟ್ಟುಹೋದವನ ಹೊಟ್ಟೆ ಅರ್ಧ ಉರಿಯಬೇಕು.

ನಾನು ಬಸಮ್ಮ, ಕೊಪ್ಪಳದ ಕಡೆಯವಳು. ಎಲ್ಲರಿಗೂ ಬಸಕ್ಕ. ಗಂಡ ತೀರಿಕೊಂಡು ಏಳು ವರ್ಷವಾಯಿತು. ಮನೆ ರೌಸ್ ಹಿಲ್‌ನಲ್ಲಿ, ಕೆಲಸ ಮ್ಯಾಕ್ವೆರಿ ಪಾರ್ಕ್‌ನ ಒಂದು ಆಫೀಸ್ ಕಟ್ಟಡದ ಕ್ಯಾಂಟೀನಿನಲ್ಲಿ. ಅಡುಗೆಮನೆಯ ಹಿಂಬಾಗಿಲಲ್ಲಿ ನಾನೊಂದು ಬಾಳೆ ನೆಟ್ಟಿದ್ದೆ. ಒಂದು ದಿನ ನೋಡಿದರೆ ಎರಡು ಎಲೆ ಮಾಯ. ಸುಳಿಗೆ ಪೆಟ್ಟಾಗದಂತೆ, ಒಂದೇ ಏಟಿಗೆ ಕೊಯ್ದಿದ್ದರು. ಹಳ್ಳಿಯವನದೇ ಕೈ ಎಂದು ಆಗಲೇ ಗೊತ್ತಾಯಿತು.

ಮರುದಿನ ಬಾಗಿಲ ಮರೆಯಲ್ಲಿ ಕಾದು ಹಿಡಿದೆ. ತೋಟದ ಕೆಲಸದವನು, ಹೆಸರು ಪೋನಿಮನ್, ಎಲ್ಲರಿಗೂ ಪೋನಿ, ನನ್ನದೇ ವಯಸ್ಸು, ಕಿವಿಯ ಮೇಲೆ ನರೆ. ನಾನು ಬೈದದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದ. ಮೂರು ದಿನ ಬಿಟ್ಟು ಅದೇ ಎಲೆಯಲ್ಲಿ ಕಟ್ಟಿದ ಪೊಟ್ಟಣ ತಂದು, ಬಾಗಿ, ಎರಡೂ ಕೈಯಿಂದ ಕೊಟ್ಟ. ಒಳಗೆ ಸೋಯಾ ಕಾಳು ಹುದುಗಿ ಬೆಳ್ಳಗೆ ಗಟ್ಟಿಯಾಗಿತ್ತು. ಬೂಸ್ಟು ಹಿಡಿದದ್ದನ್ನು ಕೊಡುತ್ತಿದ್ದಾನೆ ಎಂದು ಮತ್ತೊಂದು ಸುತ್ತು ಬೈದೆ. ಅವನು ಸುಮ್ಮನೆ ಕಾವಲಿ ತೆಗೆದುಕೊಂಡು, ತೆಳ್ಳಗೆ ಹೆಚ್ಚಿ ಕರಿದು, ನನ್ನ ಬಾಯಿಯ ಹತ್ತಿರ ಹಿಡಿದ. ತಿಂದೆ. ಎರಡನೇ ತುಂಡಿಗೆ ನಾನೇ ಕೈ ಚಾಚಿದೆ.

ಹೀಗೆ ಶುರುವಾಯಿತು.

ನಮ್ಮ ಮಾತೆಲ್ಲ ಹರಕು ಇಂಗ್ಲಿಷಿನಲ್ಲಿ. ಮೊದಮೊದಲು ಅವನೂ ನನ್ನನ್ನು ಬಸಕ್ಕ ಎಂದೇ ಕರೆಯುತ್ತಿದ್ದ. ಅಕ್ಕ ಎಂದರೆ ಏನೆಂದು ನಾನು ತಿಳಿಸಿದ ದಿನ ಅವನ ಕಿವಿ ಕೆಂಪಾದವು. ಅಂದಿನಿಂದ ಬರೀ "ಬಸ". ಮೆಟ್ರೋ ಸ್ಟೇಷನ್ ಹೊರಗೆ ಅವನು ಹಾಗೆ ಕೂಗಿದರೆ, ಬಸ್ ಬಂತೇನೋ ಎಂದು ಜನ ತಿರುಗಿ ನೋಡುತ್ತಿದ್ದರು.

ನೇರವಾಗಿ ನನ್ನ ಮುಖ ನೋಡುವವನಲ್ಲ. ಸಾರಿನ ಪಾತ್ರೆಯ ಸ್ಟೀಲ್ ಮುಚ್ಚಳ ಒರೆಸುವಾಗ ಅದರಲ್ಲಿ ಕಾಣುತ್ತಿತ್ತು: ನಾನು ಬೆನ್ನು ತಿರುಗಿಸಿದ ಕೂಡಲೇ ಅವನ ಕಣ್ಣು ನನ್ನ ತುರುಬಿಗೆ, ಅಲ್ಲಿಂದ ಕೊರಳಿಗೆ, ಅಲ್ಲಿಂದ ನೆಲಕ್ಕೆ. ಒಂದೇ ಮುಚ್ಚಳವನ್ನು ಹತ್ತು ನಿಮಿಷ ಒರೆಸಿದ ದಿನಗಳಿವೆ.

ಊಟದ ಹೊತ್ತಿನಲ್ಲಿ ಅವನು ಜಾವಾದ ತನ್ನ ಊರು ಹೇಳುತ್ತಿದ್ದ. ಸುಣ್ಣದ ಕಲ್ಲಿನ ಗುಡ್ಡಗಳು, ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ತೇಗ, ಬತ್ತುವ ಬಾವಿ. ಅನ್ನ ಹುಟ್ಟದ ವರ್ಷ ಮರಗೆಣಸಿನ ಸಿಪ್ಪೆ ತೆಗೆದು, ರಸ್ತೆಬದಿಯ ಚಾಪೆಯ ಮೇಲೆ ಒಣಗಿಸಿ, ಕುಟ್ಟಿ, ಹಬೆಯಲ್ಲಿ ಬೇಯಿಸಿ ಉಣ್ಣುತ್ತಾರೆ. ನಮ್ಮಲ್ಲಿ ಸಜ್ಜಿ ರೊಟ್ಟಿ ಇದ್ದ ಹಾಗೆ ಎಂದೆ. ಮನೆಯ ಹಿಂದಿನ ಅಡುಗೆಮನೆಗೆ ಮಣ್ಣಿನ ನೆಲ, ಹೊಗೆಗೆ ಕಪ್ಪಾದ ತೊಲೆ, ಗೋಡೆಗೆ ಹತ್ತಿಕೊಂಡೇ ದನ. ನಮ್ಮದೂ ಅಂಥದ್ದೇ ಮನೆ, ರಾತ್ರಿ ಎತ್ತಿನ ಉಸಿರು ಕೇಳುತ್ತಲೇ ಮಲಗಿದವಳು ನಾನು.

ಒಂದು ಮನೆಯಲ್ಲಿ ಮದುವೆಯಾದರೆ ಊರ ಹೆಂಗಸರೆಲ್ಲ ಕರೆಯದೆಯೇ ತಮ್ಮ ತಮ್ಮ ಚಾಕು ಹಿಡಿದು ಬರುತ್ತಾರಂತೆ, ಈರುಳ್ಳಿ ಹೆಚ್ಚಲು. ಗಂಡಸರು ಚಾಪೆಯ ಮೇಲೆ ಕೂತು ಪ್ರಾರ್ಥನೆ ಮಾಡಿ, ಬಡಿಸಿದ್ದರಲ್ಲಿ ಒಂದೆರಡು ತುತ್ತು ಉಂಡು, ಉಳಿದದ್ದನ್ನು ಕಟ್ಟಿಕೊಂಡು ಮನೆಗೆ ಒಯ್ಯುತ್ತಾರಂತೆ. ಹಬ್ಬದೂಟಕ್ಕೆ ಹೋದ ಗಂಡಸು ಹೆಂಡತಿಗೆ ತರುವ ಊರನ್ನು ನಾನು ಕೇಳಿಯೇ ಇರಲಿಲ್ಲ. ಅಂಥ ಊರಿಗೆ ಸೊಸೆಯಾಗಿ ಹೋಗಲು ನಾನು ಸಿದ್ಧ ಎಂದು ನಗುತ್ತ ಹೇಳಿದೆ. ಅವನು ನಗಲಿಲ್ಲ. ತಾಯಿಗೆ ಹೇಳುತ್ತೇನೆ ಎಂದ.

ಅವನು ನಮಾಜಿನವನು, ನಾನು ಇಬತ್ತಿ ಹಚ್ಚುವವಳು. ಆ ಜಗಳವನ್ನು ಮೊದಲ ತಿಂಗಳಲ್ಲೇ ಆಡಿ ಮುಗಿಸಿದ್ದೆವು. ನಿನ್ನ ದೇವರು ನಿನಗೆ, ನನ್ನ ದೇವರು ನನಗೆ, ಒಲೆ ಮಾತ್ರ ಒಂದೇ.

ಜೂನ್ ಒಂದರಂದು ಕ್ಯಾಂಟೀನಿನವರು ನನಗೆ ಕೇಕ್ ತಂದರು. ಪೋನಿ ಅರಿಶಿನದ ಅನ್ನವನ್ನು ಗೋಪುರದ ಹಾಗೆ ಕಟ್ಟಿ ತಂದಿದ್ದ. ಯಾವ ವರ್ಷ ಎಂದು ಕೇಳಿದ. ಹೆಂಗಸಿನ ವಯಸ್ಸು ಕೇಳುತ್ತೀಯಾ ಎಂದು ಗದರಿ, ಆಮೇಲೆ ಲೈಸೆನ್ಸ್ ತೆಗೆದು ತೋರಿಸಿದೆ.

ಹತ್ತು ದಿನಕ್ಕೆ ಅವನು ಕೆಲಸ ಬಿಟ್ಟ. ಒಂದು ಮೆಸೇಜ್ ಬಂತು: ಮೆಲ್ಬರ್ನ್‌ಗೆ ಹೋಗುತ್ತಿದ್ದೇನೆ, ಆರೋಗ್ಯ ನೋಡಿಕೊ. ಅಷ್ಟೇ. ಕರೆ ಮಾಡಿದರೆ ಎತ್ತಲಿಲ್ಲ. ಎಂಟು ತಿಂಗಳ ಮಾತು ನಾಲ್ಕು ಪದಕ್ಕೆ ಮುಗಿಯಿತು.

ಅತ್ತಿದ್ದೆನೋ ಇಲ್ಲವೋ ಅದು ನನ್ನ ವಿಷಯ. ಒಂದು ವರ್ಷ ಹಲ್ಲು ಕಚ್ಚಿ ಕಾದೆ. ಅಡುಗೆಮನೆಯಲ್ಲಿ ಕೈ ಕೆಲಸ ಮಾಡುತ್ತಿದ್ದರೆ ತಲೆಯೊಳಗೆ ಅವನಿಗೆ ಹೇಳಬೇಕಾದ ಮಾತು ಮಸೆಯುತ್ತಿದ್ದೆ. ಕೊನೆಗೆ ಫೇಸ್‌ಬುಕ್‌ನಲ್ಲಿ ಒಂದು ಪೋಸ್ಟರ್ ಕಂಡಿತು: ಗ್ಲೆನ್ ವೇವರ್ಲಿಯ ಒಂದು ಹಾಲ್‌ನಲ್ಲಿ ಜಾವಾ ಕುಟುಂಬಗಳ 'ಹಳ್ಳಿ ದಿನ', ಶನಿವಾರ ಮಧ್ಯಾಹ್ನ. ಅಡುಗೆ ಉಸ್ತುವಾರಿಯ ಹೆಸರಿನ ಜಾಗದಲ್ಲಿ ಪೋನಿಮನ್.

ಹಾಲ್‌ನೊಳಗೆ ಕಾಲಿಟ್ಟೆ. ಅವನು ಬಾಯಲ್ಲಿ ಕಟ್ಟಿಕೊಟ್ಟ ಊರನ್ನೇ ತಂದು ನಿಲ್ಲಿಸಿದ್ದರು. ಹಾಸಿದ ಚಾಪೆ, ಹೆಂಗಸರ ಸೊಂಟಕ್ಕೆ ಕಟ್ಟಿದ ಬುಟ್ಟಿ, ಮೂಲೆಯಲ್ಲಿ ಚಾಕು ಹಿಡಿದು ಈರುಳ್ಳಿ ಹೆಚ್ಚುತ್ತ ನಗುವ ಹೆಂಗಸರು. ಬಾಗಿಲ ಪಕ್ಕ ಬಿದಿರಿನ ಕಾವಲು ಗುಡಿಸಲು, ಅದಕ್ಕೆ ತೂಗುಹಾಕಿದ ಸೀಳು ಮರದ ಕೊರಡು. ಅವರ ಊರಲ್ಲಿ ಗಂಟೆಯಿಲ್ಲ, ಆ ಕೊರಡೇ ಗಂಟೆ. ನಿಲ್ಲಿಸದೆ ಬಡಿದರೆ ಬೆಂಕಿ ಬಿತ್ತೆಂದೋ ಕಳ್ಳ ಬಂದನೆಂದೋ ಅರ್ಥ ಎಂದು ಅವನೇ ಹೇಳಿದ್ದ.

ಪೋನಿ ಬಡಿಸುತ್ತಿದ್ದ. ನನ್ನನ್ನು ಕಂಡ. ಸೌಟು ಗಾಳಿಯಲ್ಲೇ ನಿಂತಿತು. ಮೊದಲ ಸಲ ಅವನು ಕಣ್ಣು ತಗ್ಗಿಸದೆ ನನ್ನ ಮುಖ ನೋಡಿದ, ಹಸಿದವನು ನೋಡುವ ಹಾಗೆ. ಅದೇ ನೋಟ ಒಂದು ವರ್ಷದ ಹಿಂದೆ ಸಿಕ್ಕಿದ್ದರೆ ನಾನು ಕರಗಿ ನೀರಾಗುತ್ತಿದ್ದೆ. ಈಗ ಸಿಟ್ಟೇ ಬಂತು.

ಕೋಲು ತೆಗೆದುಕೊಂಡು ಕೊರಡನ್ನು ನಿಲ್ಲಿಸದೆ ಬಡಿದೆ.

ಮುದುಕರೆಲ್ಲ ಕೂತಲ್ಲಿಂದ ಎದ್ದರು. ಇಬ್ಬರು ಬೆಂಕಿ ಎಂದುಕೊಂಡು ಅಡುಗೆಮನೆಗೆ ಓಡಿದರು. ಹಾಲ್ ಸ್ತಬ್ಧವಾದ ಮೇಲೆ ನಾನು ಅವನತ್ತ ಬೆರಳು ತೋರಿಸಿ, ಬರುವ ಇಂಗ್ಲಿಷಿನಲ್ಲೇ ಹೇಳಿದೆ:

"ಇವನು ಎಂಟು ತಿಂಗಳು ನನ್ನ ಕೈಯ ಊಟ ಉಂಡು, ಮದುವಿ ಮಾತಾಡಿ, ಒಂದು ಮೆಸೇಜ್ ಹಾಕಿ ಓಡಿ ಬಂದಾನ. ನಿಮ್ಮೂರಾಗ ಇಂಥವನಿಗೆ ಏನಂತ ಕರೀತಾರ?"

ನೂರು ಕಣ್ಣು ಅವನ ಮೇಲೆ. ನಾನು ಬಯಸಿ ಬಂದದ್ದು ಇದೇ. ಅವನು ಸೌಟು ಕೆಳಗಿಟ್ಟು, ಕೈಕಟ್ಟಿ ನಿಂತ.

ಚಾಪೆಯಿಂದ ಒಬ್ಬ ಸಣ್ಣ ಮುದುಕಿ ಎದ್ದು ಬಂದಳು. ಅವನ ತಾಯಿ, ತುಕಿನೆಮ್, ಮಗಳ ಮನೆಗೆಂದು ಮೂರು ತಿಂಗಳ ವೀಸಾದಲ್ಲಿ ಬಂದಿದ್ದಳು. ಅವಳಿಗೆ ಇಂಗ್ಲಿಷ್ ಬಾರದು. ಈ ಹೆಂಗಸು ಏನನ್ನುತ್ತಾಳೆ ಎಂದು ಮಗನನ್ನು ಕೇಳಿದಳು. ಇವನು ಹೇಡಿ, ನಾಚಿಕೆಗೆಟ್ಟವನು, ಉಂಡ ಮನೆಗೆ ಬೆನ್ನು ತೋರಿಸಿದವನು ಎಂದೆ ನಾನು. ಅವನು ಬಾಗಿ ಮೂರು ಮೆತ್ತನೆಯ ಪದ ಹೇಳಿದ. ಮುದುಕಿ ಸೌಜನ್ಯದಿಂದ ತಲೆಯಾಡಿಸಿದಳು.

"ನಾ ಅಂದಿದ್ದು ಅಂದಂಗ ಹೇಳು" ಎಂದೆ.

ಈ ಸಲ ಹೇಳಿದ. ಅವಳ ಮುಖ ಬಿಗಿಯಿತು. ಅವಳು ನನ್ನ ಕೈ ಹಿಡಿದುಕೊಂಡು ನಿಧಾನವಾಗಿ ಮಾತಾಡಿದಳು. ಅವನು ನೆಲ ನೋಡುತ್ತ ಅದನ್ನು ನನಗೆ ತಿಳಿಸಿದ.

ಅವರಲ್ಲಿ ಐದು ದಿನದ ಸಂತೆವಾರ ಬೇರೆಯೇ ಇದೆ. ಹುಟ್ಟಿದ ವಾರಕ್ಕೊಂದು ಅಂಕಿ, ಆ ದಿನದ ಸಂತೆಗೊಂದು ಅಂಕಿ. ಅವನು ಸೋಮವಾರ, ಪೋನ್ ಸಂತೆಯ ದಿನ ಹುಟ್ಟಿದ್ದಕ್ಕೇ ಪೋನಿಮನ್. ಅವನದು ಹನ್ನೊಂದು. ನನ್ನ ಲೈಸೆನ್ಸಿನಲ್ಲಿ ಅವನು ಕಂಡದ್ದು ಸಾವಿರದ ಒಂಬೈನೂರ ಎಪ್ಪತ್ತೇಳರ ಜೂನ್ ಒಂದು, ಬುಧವಾರ, ಪಾಹಿಂಗ್ ಸಂತೆ. ನನ್ನದು ಹದಿನಾರು. ಕೂಡಿದರೆ ಇಪ್ಪತ್ತೇಳು. ಇಪ್ಪತ್ತೇಳಕ್ಕೆ ಅವರು 'ಪೆಗಟ್' ಎನ್ನುತ್ತಾರೆ. ಜೋಡಿ ಹರಿಯುತ್ತದೆ, ಜಗಳದಿಂದಲೋ ಸಾವಿನಿಂದಲೋ. ಅವನ ಅಣ್ಣ ಇದನ್ನು ಲೆಕ್ಕಿಸದೆ ಮದುವೆಯಾದ. ವರ್ಷ ತುಂಬುವುದರೊಳಗೆ ಅವನ ಹೆಂಡತಿ ಸಂತೆಗೆಂದು ರಸ್ತೆ ದಾಟುವಾಗ ಕಲ್ಲಿನ ಲಾರಿಗೆ ಸಿಕ್ಕಳು.

"ಅದಕ್ಕೇ ಬಿಟ್ಟು ಬಂದೆ" ಎಂದ ಪೋನಿ. "ನೀನು ಬದುಕಿರಲಿ ಅಂತ."

ನನಗೆ ನಗು ಬಂತು. ತಡೆಯಲಾಗದೆ ಆ ಹಾಲ್‌ನ ನಡುವೆ, ಇಳಕಲ್ ಸೀರೆಯ ಸೆರಗು ಬಾಯಿಗೊತ್ತಿ ನಕ್ಕೆ. ನಗುತ್ತಲೇ ಕಣ್ಣಲ್ಲಿ ನೀರು ಬಂತು, ಅದು ಯಾವುದರ ನೀರೆಂದು ನನಗೇ ತಿಳಿಯಲಿಲ್ಲ.

ನಮ್ಮೂರ ಶಾಲೆಯಲ್ಲಿ ಹೆಡ್‌ಮಾಸ್ತರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿ ಎನ್ನುತ್ತಿದ್ದರು. ಮುಟ್ಟಿದರೆ ಆರು ವರ್ಷ ಆಯಿತೆಂದು ಲೆಕ್ಕ. ನನ್ನ ಕೈ ಉದ್ದ, ಬೇಗ ಮುಟ್ಟಿತು. ರಿಜಿಸ್ಟರಿನಲ್ಲಿ ಎಲ್ಲರಿಗೂ ಜೂನ್ ಒಂದು ಎಂದು ಬರೆದರು. ನನ್ನ ಕ್ಲಾಸಿನಲ್ಲಿ ಮೂವತ್ತೊಂದು ಮಕ್ಕಳು, ಎಲ್ಲರೂ ಒಂದೇ ದಿನ ಹುಟ್ಟಿದವರು. ಅದು ನಿಜವಾಗಿದ್ದರೆ ಊರ ಸೂಲಗಿತ್ತಿ ಅವತ್ತೇ ಸಾಯುತ್ತಿದ್ದಳು. ಆ ತಾರೀಕೇ ಮಾರ್ಕ್ಸ್ ಕಾರ್ಡಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ, ಪಿಆರ್‌ಗೆ, ಲೈಸೆನ್ಸಿಗೆ ಬಂತು.

ಇದನ್ನು ಹೇಳಿದೆ. ಪೋನಿಯ ಮುಖದ ಬಣ್ಣ ಬದಲಾಯಿತು. ತಾಯಿಗೆ ತಿಳಿಸಿದ. ಅವಳು ಕಣ್ಣರಳಿಸಿ, ಬೆರಳು ಮಡಚಲು ಸಿದ್ಧಳಾಗಿ ಕೇಳಿದಳು: ಹಾಗಾದರೆ ನಿಜವಾಗಿ ಹುಟ್ಟಿದ್ದು ಯಾವಾಗ?

ನನಗೆ ಗೊತ್ತು. ಅವ್ವ ತಿಥಿ ಹೇಳಿದ್ದಳು, ಪ್ರಾರ್ಥನಾ ಇಂಟರ್ನೆಟ್‌ನಲ್ಲಿ ಹುಡುಕಿ ತಾರೀಕು ತೆಗೆದುಕೊಟ್ಟಿದ್ದಾಳೆ. ಇಲ್ಲಿಯೂ ಬರೆಯುವುದಿಲ್ಲ. ಯಾರಾದರೂ ಓದಿ ಅವನಿಗೆ ಹೇಳಿಬಿಟ್ಟಾರು.

"ಗೊತ್ತೈತಿ. ಹೇಳೂದಿಲ್ಲ" ಎಂದೆ. "ಒಂದು ವರ್ಷ ನನ್ನ ಸುಟ್ಟಿ. ಒಂದು ಮಾತು ಕೇಳಿದ್ರ ಸಾಕಿತ್ತು, ಅವತ್ತ ಹೇಳ್ತಿದ್ನಿ. ಕೇಳಲಿಲ್ಲ ನೀ. ಈಗ ನಾ ಹೇಳೂದಿಲ್ಲ, ಸಾಯೂತನ ಹೇಳೂದಿಲ್ಲ. ಅಂಕಿ ಕೂಡಿದ್ರೂ ಆತು, ಕೂಡದಿದ್ರೂ ಆತು, ಅದು ಗೊತ್ತಿಲ್ಲದೇನ ನನ್ನ ಕೂಡ ಇರ್ತೀಯಾ? ಆಗೂದಿಲ್ಲಂದ್ರ ಇಲ್ಲೇ, ಇವರೆಲ್ಲರ ಮುಂದ ಅನ್ನು."

ಕ್ರೂರ ಮಾತು, ಒಪ್ಪುತ್ತೇನೆ. ಅವನ ಅತ್ತಿಗೆ ಸತ್ತ ಕಥೆ ಕೇಳಿದ ಮೇಲೂ ಆಡಿದೆ. ಅವನು ಒಲ್ಲೆ ಎಂದರೆ ನಾನು ಬಯಲಲ್ಲಿ ಬಿದ್ದ ಹಾಗೆ ಎಂದು ಗೊತ್ತಿದ್ದೂ ಆಡಿದೆ.

ಪೋನಿ ತಾಯಿಯ ಎದುರು ಮಂಡಿಯೂರಿ ಕೂತ. ಅವರ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದ. ನನಗೆ ಅರ್ಥವಾದದ್ದು ನನ್ನ ಹೆಸರೊಂದೇ. ಮುದುಕಿ ತಲೆ ಅಲ್ಲಾಡಿಸಿದಳು. ಅವನು ಮತ್ತೆ ಹೇಳಿದ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು, ನನ್ನ ತೋಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದು ಏನೋ ಅಂದಳು.

"ಏನಂತಾಳ?" ಎಂದೆ.

ಪೋನಿ ಎದ್ದು ನಿಂತು ಹೇಳಿದ: "ರಸ್ತೆ ದಾಟುವಾಗ ಎರಡೂ ಕಡೆ ನೋಡಬೇಕಂತೆ ನೀನು."

ಪೋನಿಯೂ ನಾನೂ ಮೂರೂವರೆಯ ಟ್ರೇನ್ ಹಿಡಿದೆವು. ಗ್ಲೆನ್ ವೇವರ್ಲಿಯಲ್ಲೇ ಲೈನ್ ಶುರು, ಬೋಗಿ ಪೂರ್ತಿ ಖಾಲಿ. ಅವನು ಫೋನಿನಲ್ಲಿ ನನ್ನದೇ ವಿಮಾನಕ್ಕೆ ಸೀಟು ಬುಕ್ ಮಾಡಿದ, ಮೈಮೇಲಿನ ಬಟ್ಟೆಯಲ್ಲೇ ಹೊರಟಿದ್ದ. ಎದುರು ಸೀಟಿನ ಹತ್ತಿರ ನಿಂತು, ಕೂರಲೋ ಬೇಡವೋ ಎಂಬಂತೆ ಕೇಳಿದ:

"ಕ್ಷಮಿಸಿದೆಯಾ?"

"ಇಲ್ಲ."

"ಸರಿ" ಎಂದು ನನ್ನ ಪಕ್ಕಕ್ಕೇ ಬಂದು ಕೂತ. ಅವನ ಅಂಗಿಗೆ ಈರುಳ್ಳಿ, ಹೊಗೆ, ತೆಂಗಿನೆಣ್ಣೆಯ ವಾಸನೆ. ಸ್ವಲ್ಪ ಹೊತ್ತಿಗೆ ಅವನ ಒರಟು ಬೆರಳು ನನ್ನ ಬೆರಳಿನ ಸಂದಿಗೆ ಬಂತು. ಕೊಸರಿದೆ, ಬಿಡಲಿಲ್ಲ. ಇನ್ನೊಮ್ಮೆ ಕೊಸರಲಿಲ್ಲ.

ರಿಚ್ಮಂಡ್ ಸ್ಟೇಷನ್ ಬರುವವರೆಗೂ ಕಾದೆ, ಹುಟ್ಟಿದ ದಿನ ಕೇಳುತ್ತಾನೇನೋ ಎಂದು. ಕೇಳಿದರೆ ಹೇಳೂದಿಲ್ಲ ಎನ್ನುವ ಮಾತನ್ನು ನಾಲಿಗೆ ತುದಿಯಲ್ಲೇ ಇಟ್ಟುಕೊಂಡಿದ್ದೆ. ಅವನು ಕೇಳಲಿಲ್ಲ. ಆ ಸುಖವನ್ನೂ ನನಗೆ ಕೊಡಲಿಲ್ಲ, ಪಾಪಿ.