ಎಳ್ಳಮವಾಸ್ಯೆಯ ದಿನ ಸಾಬಮ್ಮ ಹೇಳಿದ ಸುಳ್ಳು

"ಅಕಿ ಯಾರ? ಇಂಥಾ ಚಳ್ಯಾಗ ತಲಿಮ್ಯಾಲ ನೀರು ಸುರಕೊಳ್ಳಾಕತ್ತಾಳ!"

ಶಮಶಾದ ಬೆರಳು ಮಾಡಿ ತೋರಿಸಿದಳು. ಸಾಬಮ್ಮ ಅತ್ತ ನೋಡಿದಳು. ಬಾವಿಯ ಕಟ್ಟೆಯ ಮೇಲೆ ಅವಳ ಅವ್ವ ಕಾಶಿಬಾಯಿ ತಲೆಯ ಮೇಲೆ ಕೊಡವನ್ನೇ ಬೋರಲು ಹಾಕಿಕೊಂಡಿದ್ದಳು. ಸೆರಗು ಜಾರಿತ್ತು. ಕೂದಲು ಮುಖಕ್ಕೆ ಅಂಟಿತ್ತು.

ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು ಸಾಬಮ್ಮಳಿಗೆ.

"ಅಕಿ ನಮ್ಮ ಕೂಲಿಯಾಕಿ," ಎಂದುಬಿಟ್ಟಳು.

"ಮತ್ತ ನಿಮ್ಮವ್ವ ಎಲ್ಲಿ?"

"ಮನ್ಯಾಗ ಮಲಗ್ಯಾಳ. ಜ್ವರ ಬಂದಾವ."

ಒಂದು ಸುಳ್ಳಿನ ಹಿಂದೆ ಇನ್ನೊಂದು ಎಷ್ಟು ಬೇಗ ಬರುತ್ತದೆ ನೋಡಿ!

ಅಂದು ಎಳ್ಳಮವಾಸ್ಯೆ. ಕಿಣ್ಣಿ ಸುಲ್ತಾನ ಊರಿನ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದಿದ್ದರು. ಹೊಲದ ತುಂಬ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಕರೆದವರನ್ನೆಲ್ಲ ಕೂರಿಸಿ ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ಉಣಿಸುವ ಹಬ್ಬ. ಆ ವರ್ಷ ಎಲ್ಲ ಕಡೆ ನಿಜಾಮನ ಪರವಾಗಿ ಊರೂರಿಗೆ ನುಗ್ಗುತ್ತಿದ್ದ ರಜಾಕಾರರ ಹೆದರಿಕೆ ಇತ್ತು. ಆದರೂ ಊಟಕ್ಕೆ ಕರೆಯುವುದನ್ನು ಯಾರೂ ಬಿಟ್ಟಿರಲಿಲ್ಲ. ಶಾಲೆಗೆ ಹೊಸದಾಗಿ ಬಂದ ಮಾಸ್ತರರ ಮಗಳು ಶಮಶಾದಳನ್ನು ಸಾಬಮ್ಮ ತಾನೇ ಕರೆದಿದ್ದಳು. ಅವಳ ತಾಯಿ ಪ್ಯಾರಿಬಿಯೂ ಬಂದಿದ್ದರು. ಸಾಬಮ್ಮಳ ಅಪ್ಪ ಚರಗ ಚೆಲ್ಲುತ್ತ ಹೊಲದ ಆಚೆ ಬದುವಿಗೆ ಹೋಗಿದ್ದ.

ಅವ್ವ ಹೀಗಾಗಿ ಬಹಳ ದಿನವಾಗಿತ್ತು. ಕೂತಲ್ಲೇ ಬೆವರುತ್ತಿದ್ದಳು. ರಾತ್ರಿ ನಿದ್ದೆ ಇಲ್ಲ. ಹಂಚಿನ ಮೇಲೆ ರೊಟ್ಟಿ ಕರಕಾದರೂ ಗೊತ್ತಾಗುತ್ತಿರಲಿಲ್ಲ, ಕೇಳಿದರೆ ಸಿಡುಕು. ಗಾಳಿ ಬಡಿದಿದೆ ಎಂದು ಓಣಿಯವರು ಪಿಸುಗುಡುತ್ತಿದ್ದರು.

ಕಾಶಿಬಾಯಿ ರೊಟ್ಟಿ ಬುಟ್ಟಿ ಎತ್ತಿಕೊಂಡು ಬಂದಳು. ಮಗಳ ಮಾತು ಅವಳ ಕಿವಿಗೆ ಬಿದ್ದಿತ್ತು. ಬೈಯುತ್ತಾಳೆಂದು ಸಾಬಮ್ಮ ತಲೆ ತಗ್ಗಿಸಿದಳು.

"ಇನ್ನೊಂದು ರೊಟ್ಟಿ ನೀಡಲ್ರಿ, ಸಣ್ಣಕ್ಕಾರ?"

ಹೆತ್ತ ಅವ್ವ ಮಗಳನ್ನು ಒಡತಿಯೆಂಬಂತೆ ಬಹುವಚನದಲ್ಲಿ ಮಾತಾಡಿಸಿದ್ದಳು!  ಎರಡು ಬಡಿದಿದ್ದರೆ ಎಷ್ಟೋ ವಾಸಿಯಿತ್ತು. ಅವ್ವ ಎಲ್ಲರಿಗೂ ಬಡಿಸಿ, ಕೂಲಿಯವರಂತೆ ಸ್ವಲ್ಪ ಆಚೆ ಹೋಗಿ ಜಾಲಿ ಗಿಡದ ಕೆಳಗೆ ಕೂತಳು. ಮತ್ತೆ ಬೆವರು ಇಳಿಯುತ್ತಿತ್ತು.

ಪ್ಯಾರಿಬಿ ಎದ್ದು ಅವಳ ಪಕ್ಕ ಹೋಗಿ ಕೂತರು.

"ಮೈಯಾಗ ಬೆಂಕಿ ಹೊಕ್ಕಂಗ ಆಗತೈತೇನು, ಅಕ್ಕಾ? ತಿಂಗಳದ್ದು ನಿಲ್ಲಾಕತ್ತೈತೇನು?"

ಕಾಶಿಬಾಯಿಯ ಕಣ್ಣು ತುಂಬಿದವು. "ಹೌದ್ರಿ. ಯಾರ ಮುಂದ ಹೇಳ್ಲಿ? ನಾಚಿಕಿ ಆಗತೈತಿ. ಹುಚ್ಚು ಹಿಡಿತೈತಿ ಅಂತ ಅಂಜಾಕತ್ತೇನಿ."

"ಹುಚ್ಚೂ ಅಲ್ಲ, ಗಾಳೀನೂ ಅಲ್ಲ. ನನಗೂ ಹಿಂಗ ಆಗಿತ್ತು. ಈ ವಯಸ್ಸಿಗೆ ಹೆಣ್ಮಕ್ಕಳಿಗೆ ಬರೂದ. ಸ್ವಲ್ಪ ದಿನ ಕಾಡತೈತಿ, ಆಮ್ಯಾಲ ಹೋಗತೈತಿ. ಒಬ್ಬಾಕೀನ ಎಲ್ಲಾ ಕೆಲಸ ಮಾಡಬ್ಯಾಡ. ಕೈಗೆ ಆಸರಾಗೂ ಮಕ್ಕಳು ಇಲ್ಲೇನು?"

"ಮಗಳೊಬ್ಬಾಕಿ ಅದಾಳ್ರಿ," ಎಂದಳು ಕಾಶಿಬಾಯಿ, ಇತ್ತ ತಿರುಗದೆ. "ಬಾಳ ಛಲೋ ಹುಡುಗಿ."

ಸಾಬಮ್ಮ ಉಣ್ಣುವುದನ್ನು ಬಿಟ್ಟು ಎದ್ದಳು.

"ಎಲ್ಲಿಗೆ ಹೊಂಟಿ?" ಎಂದಳು ಶಮಶಾದ.

ಸಾಬಮ್ಮ ತಂಬಿಗೆಯಲ್ಲಿ ತಣ್ಣೀರು ತುಂಬಿಕೊಂಡು ಜಾಲಿ ಗಿಡದ ಕಡೆ ನಡೆದಳು. 

"ಯವ್ವಾ, ನೀರ ತಗೋ."

ದನಿ ಗಿಡದಾಚೆ ಕೇಳದಷ್ಟು ಸಣ್ಣದಿತ್ತು. ಕಾಶಿಬಾಯಿ ಶಮಶಾದಳ ಕಡೆ ಕಣ್ಸನ್ನೆ ಮಾಡಿ, ಸುಮ್ಮನಿರು ಎಂಬಂತೆ ತಲೆಯಾಡಿಸಿದಳು.

ಸಾಬಮ್ಮ ಇನ್ನೊಮ್ಮೆ ಕರೆದಳು, ಬಾವಿಯವರೆಗೂ ಕೇಳುವಂತೆ.

"ಯವ್ವಾ!"