ಸೇವಂತಿಗೆ ಹಾಕಿದ ಲಾರಿ

ಪಾಂಡುವಿನ ಉತ್ತರಕ್ರಿಯೆಯ, ಬೊಜ್ಜದ, ಊಟ ಮುಗಿದ ಮರುದಿನವೇ ಅವನ ಹೆಂಡತಿ ಚಂದ್ರಾವತಿ ಕುಂದಾಪುರಕ್ಕೆ ಬಂದು ಗಿರಿಜಳ ಜಗಲಿಯಲ್ಲಿ ಕುಳಿತಳು. ಇಬ್ಬರ ತೌರೂ ಒಂದೇ ಊರು. ಗಿರಿಜಳ ಗಂಡ ಪ್ರೇಮಾನಂದ ಪತ್ತೇದಾರ. ಪೊಲೀಸರು ಕೈತೊಳೆದುಕೊಂಡ ಕೇಸುಗಳಿಗೆ ಮೂಗು ತೂರಿಸುವುದೇ ಅವನ ಉದ್ಯೋಗವೆಂದು ಗಿರಿಜ ಚೇಷ್ಟೆ ಮಾಡುವುದಿತ್ತು. ಅವತ್ತು ಅವಳಿಗೆ ಚೇಷ್ಟೆ ಬೇಕಿರಲಿಲ್ಲ.

ಅದು ಎರಡು ಸಾವಿರದ ಏಳರ ಜನವರಿ. ಬೈಂದೂರಿನ ಕಲ್ಲುಕೋರೆಯಿಂದ ಜಲ್ಲಿ ತರುತ್ತಿದ್ದ ಪಾಂಡುವಿನ ಲಾರಿ ಒಂದು ಶುಕ್ರವಾರ ಹೆಮ್ಮಾಡಿಯಲ್ಲಿ ಬ್ರೇಕ್ ಹಿಡಿಯದೆ ಬಸ್ ತಂಗುದಾಣದ ಮೇಲೆ ಮಗ್ಗುಲಾಗಿ ಮಗುಚಿತ್ತು. ಪಾಂಡುವೂ ಬಸ್ಸಿಗೆ ಕಾದಿದ್ದ ಒಬ್ಬ ಮುದುಕಿಯೂ ಸತ್ತರು. ಲಾರಿಯಲ್ಲಿ ಕಾನೂನಿನ ಮಿತಿಗಿಂತ ಇಮ್ಮಡಿ ಭಾರವಿತ್ತು. ಆದರೆ ಮಾಲೀಕ ರಾಜೇಂದ್ರ ತೋರಿಸಿದ, ಲಾರಿ ತೂಗುವ ವೇಬ್ರಿಜ್‌ನ ಚೀಟಿಯಲ್ಲಿ ತೂಕ ಸರಿಯಾಗಿಯೇ ಇತ್ತು. ತೂಕವಾದ ಮೇಲೆ ಪಾಂಡು ಆಸೆಗೆ ಬಿದ್ದು ದಾರಿಯಲ್ಲಿ ಜಲ್ಲಿ ತುಂಬಿಸಿಕೊಂಡ ಎಂದು ಅವನು ಹೇಳಿದ, ಊರೂ ನಂಬಿತು.

"ಅವ್ರ ಸೋದರಮಾವ ತೀರಿ ಸೂತ್ಕ ಕಳೀಲಿಲ್ಲ, ಅಷ್ಟ್ರೊಳ್ಗೆ ಇವ್ರೂ ಹೋದ್ರ್. ಈಗ ಕೊಲೆಗಾರ ಅಂತ್ರ್," ಎಂದಳು ಚಂದ್ರಾವತಿ. "ನನ್ ಮಗಳ್ ಶಾಲಿಗ್ ಹ್ಯಾಂಗ್ ಹೋಪ್ದ್, ಗಿರಿಜಕ್ಕ?"

ಗಿರಿಜ ಗಂಡನನ್ನು ಹೊರಡಿಸಿಯೇ ಬಿಟ್ಟಳು, ತಾನೂ ಜೊತೆಗೆ ಹೊರಟಳು.

ಠಾಣೆಯ ಹಿಂದೆ ನಿಲ್ಲಿಸಿದ್ದ ಲಾರಿಯ ಒಂದು ಮಗ್ಗುಲು ಮಾತ್ರ ಜಜ್ಜಿಹೋಗಿತ್ತು. ಮೂತಿಯ ಮೇಲೆ ಧೂಳು ಮೆತ್ತಿತ್ತು. ಹೂವಿನ ದಾರವಾಗಲಿ ಹೊಸ ಕುಂಕುಮವಾಗಲಿ ಇರಲಿಲ್ಲ. ನಂಬರ್ ಪ್ಲೇಟಿನ ಬೋಲ್ಟುಗಳಲ್ಲಿ ಮಾತ್ರ ತುಕ್ಕು ಕೆರೆದುಹೋಗಿ ಕಬ್ಬಿಣ ಹೊಳೆಯುತ್ತಿತ್ತು.

ಕೋರೆಯಲ್ಲಿ ವಿಚಾರಿಸಿದರೆ, ಲೋಡು ತುಂಬಿ ಟಾರ್ಪಾಲು ಹೊದಿಸುವಾಗ ಪಾಂಡು ಸೋದರಮಾವನ ಮನೆಗೆ ಹೋಗಿದ್ದನಂತೆ. ವೇಬ್ರಿಜ್‌ನಲ್ಲಿ ಚೀಟಿ ಬರೆಯುವ ಚೆನ್ನಯ್ಯ, ತಾನು ಬರೆದ ನಂಬರು ತಪ್ಪಲ್ಲ ಎಂದು ಆಣೆ ಹಾಕಿದ. ಡ್ರೈವರ್ ಕೆಳಗಿಳಿಯಲಿಲ್ಲವಂತೆ, ಚೀಟಿ ಒಯ್ದದ್ದು ರಾಜೇಂದ್ರನಂತೆ. ಲಾರಿ ಹೇಗಿತ್ತೆಂದು ಕೇಳಿದಾಗ, ಮೂತಿಯ ತುಂಬ ಹೆಮ್ಮಾಡಿ ಸೇವಂತಿಗೆಯ ಮಾಲೆ ಇತ್ತು, ನೋಡಲು ಚಂದವಿತ್ತು ಎಂದ.

ಬಸ್ಸಿನಲ್ಲಿ ಪ್ರೇಮಾನಂದ ಒಂದೇ ಪ್ರಶ್ನೆ ಕೇಳಿದ: ರಾಜೇಂದ್ರನ ಇನ್ನೊಂದು ಲಾರಿ ಓಡಿಸುವವರು ಯಾರು? ಚಂದ್ರಾವತಿಯ ತಮ್ಮ ದರ್ಶನ್, ಆ ಕೆಲಸ ಕೊಡಿಸಿದವನೂ ಪಾಂಡುವೇ ಎಂದಳು ಗಿರಿಜ. ಹೇಳಿದ ಮೇಲೆ, ಗಂಡ ಯಾಕೆ ಕೇಳಿದನೆಂದು ಅವಳಿಗೆ ಹೊಳೆಯಿತು.

ಭಾನುವಾರ ಚಂದ್ರಾವತಿಯ ಅಂಗಳದಲ್ಲಿ ರಾಜೇಂದ್ರ, ದರ್ಶನ್, ಚೆನ್ನಯ್ಯ, ಠಾಣೆಯ ಸಬ್ ಇನ್ಸ್‌ಪೆಕ್ಟರ್ ಎಲ್ಲರೂ ಸೇರಿದರು. ನೆರೆಯವರು ಬೇಲಿಯಾಚೆ ನಿಂತರು.

"ಸೂತ್ಕದಗೆ ಪಾಂಡು ಲಾರಿಗೆ ಹೂ ಹಾಕ್ವವನಲ್ಲ," ಎಂದ ಪ್ರೇಮಾನಂದ. "ತೂಕಕ್ಕೆ ನಿಂತದ್ ಬೇರೆ ಲಾರಿ."

ಹೂವು ಅಪಘಾತದಲ್ಲಿ ಉದುರಿತೆಂದರೂ ದಾರ, ಕುಂಕುಮ ಉಳಿಯಬೇಕಿತ್ತು. ರಾಜೇಂದ್ರನಿಗಿದ್ದದ್ದು ಒಂದೇ ಥರದ ಎರಡು ಲಾರಿ. ಕಡಿಮೆ ಹೇರಿದ್ದ ಎರಡನೆಯದಕ್ಕೆ ಪಾಂಡುವಿನ ಲಾರಿಯ ಪ್ಲೇಟು ಹಾಕಿ ತೂಗಿಸಿದರು, ಮತ್ತೆ ಬಿಚ್ಚಿ ಅದರ ಜಾಗಕ್ಕೇ ತೊಡಿಸಿದರು. ಹೆದ್ದಾರಿಯಲ್ಲಿ ತಪಾಸಣೆಯವರಿಗೆ ತೋರಿಸಲು ಚೀಟಿ ಸಿದ್ಧವಾಯಿತು. ಮಾವನ ಮನೆಯಿಂದ ನೇರ ಬಂದ ಪಾಂಡು, ಭಾರವೆನಿಸಿದರೂ, ತಾನಿಲ್ಲದಾಗ ತೂಗಿಸಿದ್ದಾರೆಂದು ಚೀಟಿಯನ್ನು ನಂಬಿ ಹೊರಟ. ಶುಕ್ರವಾರದ ಪೂಜೆ ಮಾಡುವವನು ಸೂತಕವಿಲ್ಲದ ಡ್ರೈವರ್. ತಾಯಿಯ ಕಡೆಯಿಂದ ಬರುವ ಕುಲ, ಅಂದರೆ ಬಳಿ, ಭಾವನದೇ ಬೇರೆ, ದರ್ಶನನದೇ ಬೇರೆ. ಆ ಸಾವಿನ ಸೂತಕ ಅವನಿಗೆ ತಟ್ಟುವುದಿಲ್ಲ. ಪ್ಲೇಟು ಬಿಚ್ಚಿದ ಕೈಗೆ, ದೇವರೆಂದು ಹಾಕಿದ ಮಾಲೆ ಬಿಚ್ಚುವ ಧೈರ್ಯ ಬರಲಿಲ್ಲ.

 ದರ್ಶನ್ ಅಕ್ಕನ ಮುಂದೆ ಕುಸಿದ.

"ಧಣಿ ಇದೊಂದ್ ಸಲ ಮಾತ್ರ ಅಂದ್ರ್, ಅಕ್ಕಾ. ಭಾವ ಬೈತ್ರ್ ಅಂದೇಳಿ ನಾನ್ ಹೇಳ್ಲಿಲ್ಲ."

ಕಾಲು ಹಿಡಿಯಲು ಬಂದವನಿಂದ ಚಂದ್ರಾವತಿ ಕಾಲು ಹಿಂದೆಳೆದುಕೊಂಡಳು. ಪಾಂಡುವಿನ ಮೇಲೆ ತಪ್ಪಿಲ್ಲವೆಂದು ಬೇಲಿಯಾಚೆಯವರಿಗೂ ಕೇಳುವಂತೆ ಹೇಳಿ, ಸಬ್ ಇನ್ಸ್‌ಪೆಕ್ಟರ್ ಇಬ್ಬರನ್ನೂ ಜೀಪು ಹತ್ತಿಸಿದರು. ಇದಕ್ಕೇ ಗಂಡನನ್ನು ಹೊರಡಿಸಿದೆನೇ ಎಂದು ಗಿರಿಜ ತನ್ನನ್ನೇ ಕೇಳಿಕೊಂಡಳು.

"ಅವ್ರ್ ಹೆಸ್ರ್ ಉಳೀತ್, ಗಿರಿಜಕ್ಕ," ಎಂದಳು ಚಂದ್ರಾವತಿ. "ನಂಗಿನ್ನ್ ತೌರ್ಮನಿ ಇಲ್ಲ."

ಜೀಪು ಹೆದ್ದಾರಿ ಸೇರುವವರೆಗೂ ಅವಳು ನಿಂತೇ ಇದ್ದಳು. ಆಮೇಲೆ ಗಿರಿಜಳ ಹೆಗಲಿಗೆ ತಲೆಯಿಟ್ಟು, ತಮ್ಮನ ಹೆಸರು ಹಿಡಿದು ಅತ್ತಳು.